ಮರಕ್ಕೆ ಕಬ್ಬಿಣ, ಮರಕ್ಕೆ ರಬ್ಬರ್: ತೋಟದ ಜಿಗ್‌ಗಳಿಗೆ ಯಾವ ಅಂಟು?

ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಗಟ್ಟಿ ಅಂಟು ಒಂದು ಕೊಡಿ’ ಅಂದ್ರೆ ಅವರು ಹೆಚ್ಚು ಖರ್ಚಾಗುವ ಡಬ್ಬಿಯನ್ನೇ ಕೊಡ್ತಾರೆ. ಮರಕ್ಕೆ ಮರ ಅಂಟಿಸೋದಾದ್ರೆ ಅದು ಸರಿ. ಆದ್ರೆ ಮರಕ್ಕೆ ಕಬ್ಬಿಣ, ಪ್ಲೈವುಡ್‌ಗೆ ಅಲ್ಯುಮಿನಿಯಂ, ಹಲಗೆಗೆ ರಬ್ಬರ್ ಅಂಟಿಸುವಾಗ ಅದೇ ಡಬ್ಬಿ ಕೈ ಕೊಡುತ್ತದೆ. ಎಷ್ಟು ಗಟ್ಟಿ ಅನ್ನೋದಕ್ಕಿಂತ ಯಾವುದಕ್ಕೆ ಯಾವುದು ಅನ್ನೋದು ಇಲ್ಲಿ ಮುಖ್ಯ.

ಈಗ ಬಹಳಷ್ಟು ಯುವ ರೈತರು ಮನೆಯಲ್ಲೇ ಒಂದು ಡ್ರಿಲ್, ಒಂದು ಸಣ್ಣ ಗರಗಸದ ಮಷಿನ್ ಇಟ್ಟುಕೊಂಡಿದ್ದಾರೆ. ಯೂಟ್ಯೂಬ್ ನೋಡಿ ಜಿಗ್ ಮಾಡಿಕೊಳ್ಳುತ್ತಾರೆ. ಜಿಗ್ ಅಂದ್ರೆ ಒಂದೇ ಕೆಲಸವನ್ನು ನೂರು ಸಲ ಮಾಡಿದ್ರೂ ಒಂದೇ ಅಳತೆಗೆ ಬರುವಂತೆ ಹಿಡಿದುಕೊಡುವ ಅಚ್ಚು. ಜೇನು ಪೆಟ್ಟಿಗೆಯ ಚೌಕಟ್ಟು ಜೋಡಿಸೋಕೆ, ಡ್ರಿಪ್ ಪೈಪಿಗೆ ನೇರ ತೂತು ಹೊಡೆಯೋಕೆ, ಗರಗಸಕ್ಕೆ ಮರ ತಳ್ಳೋಕೆ ಎಲ್ಲದಕ್ಕೂ ಜಿಗ್ ಇದೆ. ನಾನು ಮಲೆನಾಡಿನಲ್ಲಿ ಜೇನು ಪೆಟ್ಟಿಗೆ ಮಾಡುತ್ತೇನೆ, ಜೊತೆಗೆ ಅಕ್ಕಪಕ್ಕದವರ ಸಲಕರಣೆ ರಿಪೇರಿಯನ್ನೂ ಮಾಡುತ್ತೇನೆ. ರಿಪೇರಿಗೆ ಬರುವ ಜಿಗ್‌ಗಳಲ್ಲಿ ಮರ ಮುರಿದದ್ದು ಕಡಿಮೆ. ಎರಡು ಬೇರೆ ಬೇರೆ ವಸ್ತು ಕೂಡುವ ಜಾಗದಲ್ಲಿ ಬಿಟ್ಟುಕೊಂಡದ್ದೇ ಜಾಸ್ತಿ.

ಅಂಟು ಆರಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ.

ಪ್ರಶ್ನೆ 1: ಎರಡರಲ್ಲಿ ಒಂದಾದ್ರೂ ನೀರು ಹೀರುತ್ತಾ?

ಬಡಗಿಗಳು ಬಳಸುವ ಬಿಳಿ ಅಂಟು (ನಾವೆಲ್ಲ ಫೆವಿಕಾಲ್ ಅನ್ನೋದು) ನೀರಿನಲ್ಲಿ ಕರಗಿಸಿದಂತಿರುವ ಅಂಟು. ಅದು ಗಟ್ಟಿಯಾಗಬೇಕಾದ್ರೆ ಒಳಗಿನ ನೀರು ಹೊರಗೆ ಹೋಗಬೇಕು. ಮರ ಆ ನೀರನ್ನು ಕುಡಿಯುತ್ತದೆ. ಕಬ್ಬಿಣ, ಅಲ್ಯುಮಿನಿಯಂ, ಪ್ಲಾಸ್ಟಿಕ್ ಕುಡಿಯೋದಿಲ್ಲ. ಮೇಲಾಗಿ ಮರದ ನಾರಿನ ಸಂದುಗಳಿಗೆ ಇಳಿದಂತೆ ಈ ಅಂಟು ಲೋಹದ ಮೈಗೆ ಇಳಿಯಲಾರದು. ಹೀಗಾಗಿ ಮರ-ಮರಕ್ಕೆ ಇದೇ ರಾಜ, ಮರ-ಲೋಹಕ್ಕೆ ಇದು ಪ್ರಯೋಜನಕ್ಕಿಲ್ಲ.

ಪ್ರಶ್ನೆ 2: ಜೋರು ಯಾವ ಕಡೆಯಿಂದ ಬೀಳುತ್ತೆ?

ಗಾಯಕ್ಕೆ ಹಚ್ಚಿದ ಪ್ಲಾಸ್ಟರನ್ನು ಪಕ್ಕಕ್ಕೆ ಜಾರಿಸಲು ನೋಡಿ, ಬರೋದಿಲ್ಲ. ಒಂದು ಮೂಲೆ ಎತ್ತಿ ಎಳೆಯಿರಿ, ಸರ್ರನೆ ಬರುತ್ತದೆ. ಎಲ್ಲ ಅಂಟೂ ಹೀಗೇ. ಪಕ್ಕಕ್ಕೆ ಜಾರಿಸುವ ಜೋರನ್ನು ಪೂರ್ತಿ ಅಗಲದ ಅಂಟು ಹಂಚಿಕೊಂಡು ತಡೆಯುತ್ತದೆ. ಮೂಲೆಯಿಂದ ಸುಲಿಯುವ ಜೋರು ಮಾತ್ರ ಒಂದು ಸಣ್ಣ ಗೆರೆಯ ಮೇಲೇ ಬೀಳುತ್ತದೆ, ಆ ಗೆರೆ ಬಿಟ್ಟರೆ ಮುಂದಿನದು, ಆಮೇಲೆ ಅದರ ಮುಂದಿನದು. ನಿಮ್ಮ ಜಿಗ್‌ನಲ್ಲಿ ಸುಲಿಯುವ ಜೋರು ಬೀಳುವ ಮೂಲೆ ಯಾವುದು ಅಂತ ಗುರುತಿಸಿ. ಅಲ್ಲಿಗೆ ಅಂಟಿನ ಜೊತೆ ಒಂದು ಸ್ಕ್ರೂ ಬೇಕೇ ಬೇಕು.

ಪ್ರಶ್ನೆ 3: ಯಾವುದು ಎಷ್ಟು ಹಿಗ್ಗುತ್ತೆ?

ಲೋಹ ಬಿಸಿಗೆ ಹಿಗ್ಗುತ್ತದೆ, ಮರ ತೇವಕ್ಕೆ ಹಿಗ್ಗುತ್ತದೆ. 45 ಸೆಂ.ಮೀ. ಉದ್ದದ ಅಲ್ಯುಮಿನಿಯಂ ಪಟ್ಟಿಗೆ 30 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದ್ರೆ ಸುಮಾರು 0.3 ಮಿ.ಮೀ. ಉದ್ದವಾಗುತ್ತದೆ. 10 ಸೆಂ.ಮೀ. ಅಗಲದ ಸಾಗುವಾನಿ ಹಲಗೆ ಒಣ ಬೇಸಿಗೆಯಿಂದ ಜಡಿಮಳೆಗೆ ಬರುವಷ್ಟರಲ್ಲಿ ಅಡ್ಡಕ್ಕೆ 1 ಮಿ.ಮೀ. ಹತ್ತಿರ ಉಬ್ಬಬಹುದು. ನಾರಿನ ಉದ್ದಕ್ಕೆ ಮಾತ್ರ ಮರ ಹೆಚ್ಚುಕಡಿಮೆ ಅಲುಗಾಡೋದೇ ಇಲ್ಲ. ಅದಕ್ಕೇ ಹಲಗೆಯ ನಾರಿಗೆ ಅಡ್ಡಲಾಗಿ ಲೋಹದ ಪಟ್ಟಿಯನ್ನು ಉದ್ದಕ್ಕೂ ಬಿಗಿಯಾಗಿ ಅಂಟಿಸಬೇಡಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಂಟು ಬಿಡುತ್ತದೆ, ಇಲ್ಲ ಹಲಗೆ ಸೀಳುತ್ತದೆ. ಪ್ಲೈವುಡ್‌ನಲ್ಲಿ ಒಂದು ಪದರದ ನಾರು ಉದ್ದ, ಮತ್ತೊಂದು ಅಡ್ಡ ಇರೋದ್ರಿಂದ ಅದು ತುಂಬಾ ಕಡಿಮೆ ಹಿಗ್ಗುತ್ತದೆ. ಜಿಗ್‌ನ ತಳಕ್ಕೆ ಪ್ಲೈವುಡ್ಡೇ ಒಳ್ಳೆಯದು. ಮಳೆ ಜಾಸ್ತಿ ಇರುವ ಕಡೆಯವರು ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ತಗೊಳ್ಳಿ.

ಅಂಗಡಿಯಲ್ಲಿ ಸಿಗೋದು ಏನೇನು?

ಹೆಸರು ನೂರಾರು ಇದ್ದರೂ ನಮ್ಮ ಕೆಲಸಕ್ಕೆ ನಾಲ್ಕೇ ಜಾತಿ.

ಬಿಳಿ ಅಂಟು: ಮರ-ಮರಕ್ಕೆ. ಕ್ಲ್ಯಾಂಪ್ ಹಾಕಿ ಬಿಗಿಯಾಗಿ ಒತ್ತಬೇಕು. ಸಾಮಾನ್ಯದ್ದು ನೀರಿಗೆ ಮೆತ್ತಗಾಗುತ್ತದೆ, ನೀರು ತಡೆಯುವ ಮರೀನ್ ತರಹದ್ದೂ ಸಿಗುತ್ತದೆ. ಭಾರ ಸದಾ ಬೀಳುತ್ತಿದ್ದರೆ ಇದು ನಿಧಾನಕ್ಕೆ ಜಾರುತ್ತದೆ.

ರಬ್ಬರ್ ಅಂಟು: ಸನ್‌ಮೈಕಾ ಅಂಟಿಸುವ, ಚಪ್ಪಲಿ ರಿಪೇರಿಯವರು ಬಳಸುವ ಹಳದಿ ಅಂಟು, ಎಸ್‌ಆರ್ ಅಂತ ಕೇಳಿದ್ರೆ ಕೊಡ್ತಾರೆ. ಎರಡೂ ಮೈಗೆ ತೆಳ್ಳಗೆ ಬಳಿದು, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒಂದೇ ಸಲ ಒತ್ತಬೇಕು. ಒತ್ತಿದ ಮೇಲೆ ಸರಿಸೋಕೆ ಆಗಲ್ಲ. ಒಣಗಿದ ಮೇಲೂ ಸ್ವಲ್ಪ ಬಾಗುತ್ತದೆ, ಹಾಗಾಗಿ ರಬ್ಬರ್, ಚರ್ಮ, ಕಾರ್ಕ್‌ಗೆ ಸರಿ. ಬಿಸಿಗೆ ಸಡಿಲವಾಗುತ್ತದೆ.

ಎಪಾಕ್ಸಿ: ಎರಡು ಟ್ಯೂಬಿನದ್ದು, ಅರಾಲ್ಡೈಟ್ ತರಹದ್ದು. ಹಿಟ್ಟಿನ ಹಾಗೆ ನಾದಿ ಹಚ್ಚುವ ಎಂ-ಸೀಲ್ ಕೂಡ ಇದೇ ಜಾತಿ. ಒಣಗೋದಕ್ಕೆ ನೀರು ಆರಬೇಕಾಗಿಲ್ಲ, ಎರಡು ಟ್ಯೂಬಿನ ರಸಾಯನ ಒಂದಕ್ಕೊಂದು ಸೇರಿ ಕಲ್ಲಾಗುತ್ತದೆ. ಮರ-ಲೋಹಕ್ಕೆ ನನ್ನ ಮೊದಲ ಆಯ್ಕೆ ಇದು. ಸಂದು ಇದ್ದರೂ ತುಂಬುತ್ತದೆ.

ಕ್ವಿಕ್ ಅಂಟು: ಫೆವಿಕ್ವಿಕ್ ತರಹದ ಹನಿ ಅಂಟು. ಗಾಳಿಯ ತೇವದಿಂದ ಕ್ಷಣದಲ್ಲಿ ಹಿಡಿಯುತ್ತದೆ. ಆದ್ರೆ ಗಾಜಿನ ಹಾಗೆ ಬಿರುಸು. ಜಿಗ್ ಕೆಳಗೆ ಬಿದ್ದರೆ, ಸುತ್ತಿಗೆ ಏಟು ತಾಗಿದ್ರೆ ಪಟ್ ಅಂತ ಬಿಡುತ್ತದೆ. ಸ್ಕ್ರೂ ಹಾಕುವ ತನಕ ತುಂಡನ್ನು ಜಾಗದಲ್ಲಿ ಹಿಡಿದಿಡೋಕೆ ಸಾಕು, ಅದಕ್ಕಿಂತ ಹೆಚ್ಚು ನಂಬಬೇಡಿ.

ಲೋಹಕ್ಕೆ ಮರ ಅಂಟುತ್ತಾ ಅಂತ ಅನುಮಾನ ಇರುವವರಿಗೆ ಒಂದು ಉದಾಹರಣೆ. ಇಂಗ್ಲೆಂಡಿನ ಡಕ್ಸ್‌ಫರ್ಡ್‌ನಲ್ಲಿ ನಾರ್ಮನ್ ಡಿ ಬ್ರೂಯಿನ್ ಅವರ ಸಂಸ್ಥೆ 1941ರಲ್ಲಿ ರೆಡಕ್ಸ್ ಎಂಬ ಅಂಟು ಕಂಡುಹಿಡಿಯಿತು. 1944ರಲ್ಲಿ ಹಾರಿದ ಡಿ ಹ್ಯಾವಿಲ್ಯಾಂಡ್ ಹಾರ್ನೆಟ್ ಯುದ್ಧ ವಿಮಾನದ ರೆಕ್ಕೆಯಲ್ಲಿ ಮರದ ಕಟ್ಟಿಗೆ ಅಲ್ಯುಮಿನಿಯಂ ಹೊದಿಕೆ ಕೂಡಿಸಿದ್ದು ಈ ಅಂಟಿನಿಂದಲೇ. ಅವರು ಬಿಸಿ, ಒತ್ತಡ ಕೊಟ್ಟು ಅಂಟಿಸಿದ್ದರು, ನಮ್ಮ ಶೆಡ್‌ನಲ್ಲಿ ಆ ಸೌಕರ್ಯ ಇಲ್ಲ. ಆದ್ರೆ ಮೈ ಸರಿಯಾಗಿ ಸಿದ್ಧ ಮಾಡಬೇಕು ಅನ್ನುವ ನಿಯಮ ಅವರಿಗೂ ನಮಗೂ ಒಂದೇ.

ಇನ್ನು ಮೂರು ಜಿಗ್ ತಗೊಂಡು ನೋಡೋಣ.

ಡ್ರಿಪ್ ಪೈಪಿನ ತೂತಿನ ಜಿಗ್: ಮರದೊಳಗೆ ಉಕ್ಕಿನ ಬುಷ್

ಪಿವಿಸಿ ಪೈಪಿಗೆ ಗ್ರೊಮೆಟ್ ಕೂರಿಸಲು ತೂತು ಹೊಡೆಯುವಾಗ ಬಿಟ್ ಪೈಪಿನ ನೆತ್ತಿಯಿಂದ ಪಕ್ಕಕ್ಕೆ ಜಾರುತ್ತದೆ. ತೂತು ಮೊಟ್ಟೆಯಾಕಾರ ಆಗುತ್ತದೆ, ಗ್ರೊಮೆಟ್ ಕೂರಲ್ಲ, ನೀರು ಸೋರುತ್ತದೆ. ಇದಕ್ಕೆ ಮರದ ತುಂಡಿನ ಅಡಿಯಲ್ಲಿ ‘ವಿ’ ಆಕಾರದ ಕಾಲುವೆ ಕೊರೆದು ಪೈಪಿನ ಮೇಲೆ ಕೂರಿಸಿ, ನಡುವೆ ಬಿಟ್‌ಗೆ ದಾರಿ ಮಾಡಿದ್ರೆ ಆಯ್ತು. ಆದ್ರೆ ಬರೀ ಮರದ ತೂತು ಬಿಟ್ ತಿರುಗಿ ತಿರುಗಿ ದೊಡ್ಡದಾಗುತ್ತದೆ. ಹಾಗಾಗಿ ಒಳಗೆ ಉಕ್ಕಿನ ಬುಷ್ ಕೂರಿಸಬೇಕು.

ಇಲ್ಲಿ ಎಪಾಕ್ಸಿ ಹಾಕಿ, ಅದೂ ನಿಧಾನಕ್ಕೆ ಒಣಗುವುದನ್ನು. ಐದು ನಿಮಿಷದ್ದು ಅವಸರಕ್ಕೆ ಚೆಂದ, ಆದ್ರೆ ಶಕ್ತಿಯಲ್ಲೂ ಬಿಸಿ ತಡೆಯುವುದರಲ್ಲೂ ಸಾಮಾನ್ಯವಾಗಿ ನಿಧಾನದ್ದೇ ಮುಂದು. ಬುಷ್‌ನ ಹೊರಮೈಯನ್ನು 80ರ ಎಮರಿ ಪೇಪರ್‌ನಿಂದ ಉಜ್ಜಿ. ಹ್ಯಾಕ್ಸಾದಿಂದ ಸುತ್ತ ನಾಲ್ಕಾರು ಗೀರು ಹಾಕಿ, ಅಂಟು ಆ ಗೀರುಗಳಿಗೆ ಇಳಿದು ಬೀಗದ ಹಾಗೆ ಹಿಡಿಯುತ್ತದೆ. ಮರದ ತೂತು ಬುಷ್‌ಗಿಂತ 0.2ರಿಂದ 0.3 ಮಿ.ಮೀ. ದೊಡ್ಡದಿರಲಿ. ತೀರಾ ಬಿಗಿಯಾದ್ರೆ ಬುಷ್ ಒಳಗೆ ಹೋಗುವಾಗ ಎಲ್ಲ ಅಂಟನ್ನೂ ಕೆರೆದು ಹೊರಗೆ ತಳ್ಳುತ್ತದೆ. ಬುಷ್‌ನ ಒಳಗೆ ಮೇಣದಬತ್ತಿ ಸವರಿ, ಅಂಟು ಹರಿದು ಬಂದರೂ ಹಿಡಿಯಲ್ಲ. ಮೇಣ ಹೊರಮೈಗೆ ಮಾತ್ರ ತಾಗಬಾರದು.

ಇನ್ನೊಂದು ವಿಷಯ. ಬಿಟ್ ತಿರುಗಿದಂತೆ ಬುಷ್ ಬಿಸಿಯಾಗುತ್ತದೆ. ಮನೆಯಲ್ಲಿ ಒಣಗಿಸಿದ ಸಾಮಾನ್ಯ ಎಪಾಕ್ಸಿ 50ರಿಂದ 60 ಡಿಗ್ರಿಯಲ್ಲೇ ಮೆತ್ತಗಾಗತೊಡಗುತ್ತದೆ. ಹಾಗಾಗಿ ಡ್ರಿಲ್ ಒತ್ತುವ ಕಡೆಗೆ ಅಗಲ ತಲೆ ಇರುವ ಬುಷ್ ಹಾಕಿ. ಅಂಟು ಮೆತ್ತಗಾದ್ರೂ ತಲೆ ಮರದ ಮೇಲೆ ಕೂತಿರೋದ್ರಿಂದ ಬುಷ್ ಒಳಗೆ ಜಾರಲ್ಲ.

ಜೇನು ಚೌಕಟ್ಟಿನ ಜಿಗ್: ಪ್ಲೈವುಡ್ ಮೇಲೆ ಅಲ್ಯುಮಿನಿಯಂ ಆಂಗಲ್

ಜೇನು ಪೆಟ್ಟಿಗೆಯಲ್ಲಿ ಚೌಕಟ್ಟಿಗೂ ಪೆಟ್ಟಿಗೆ ಗೋಡೆಗೂ ನಡುವೆ ಹುಳ ಓಡಾಡುವಷ್ಟೇ ಜಾಗ ಇರಬೇಕು. ಈ ‘ಜೇನು ಅಂತರ’ವನ್ನು ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಗುರುತಿಸಿ ಪೆಟ್ಟಿಗೆಗೆ ಅಳವಡಿಸಿದ ಮೇಲೆಯೇ ಚೌಕಟ್ಟು ಎತ್ತಿ ನೋಡುವ ಜೇನು ಸಾಕಣೆ ಬೆಳೆದದ್ದು. ಅಂತರ ಜಾಸ್ತಿಯಾದ್ರೆ ಹುಳಗಳು ಅಲ್ಲೂ ಎರಿ ಕಟ್ಟುತ್ತವೆ, ಚೌಕಟ್ಟು ಎತ್ತುವಾಗ ಎರಿ ಹರಿದು ಹುಳ ಸಾಯುತ್ತವೆ. ಜಿಗ್‌ನ ಒಂದು ಮೂಲೆ 3 ಮಿ.ಮೀ. ಸರಿದರೆ ಆ ದಿನ ಮಾಡಿದ ಅಷ್ಟೂ ಚೌಕಟ್ಟು ಸೊಟ್ಟ. ಒಂದೇ ಅಳತೆಗೆ ಮಾಡಿಸುವ ಅಚ್ಚು ತಪ್ಪನ್ನೂ ಒಂದೇ ಅಳತೆಗೆ ಮಾಡಿಸುತ್ತದೆ.

ಈ ಜಿಗ್‌ಗೆ ಪ್ಲೈವುಡ್ ತಳ, ಎರಡು ಬದಿಗೆ ಅಲ್ಯುಮಿನಿಯಂ ಆಂಗಲ್ ಸಾಕು. ಆಂಗಲ್ ಅಂಟಿಸಲು ಎಪಾಕ್ಸಿ ಹಾಕಿ, ಜೊತೆಗೆ ಮೂರು ಸ್ಕ್ರೂ ಕೊಡಿ. ನಡುವಿನ ತೂತು ಸ್ಕ್ರೂಗೆ ಸರಿಯಾದ ಅಳತೆಯಲ್ಲಿರಲಿ, ಎರಡು ತುದಿಯ ತೂತು ಉದ್ದಕ್ಕೆ ತುಸು ಹಿಗ್ಗಿಸಿರಿ. ಅಂಟು ಕೂಡ ನಡುವಿನ 10 ಸೆಂ.ಮೀ.ಗೆ ಮಾತ್ರ ಸಾಕು. ಆಗ ಪಟ್ಟಿ ಬಿಸಿಗೆ ಎರಡೂ ಕಡೆ ಹಿಗ್ಗುತ್ತದೆ, ಅಂಟಿನ ಮೇಲೆ ಜಗ್ಗಾಟ ಇರಲ್ಲ.

ಅಲ್ಯುಮಿನಿಯಂಗೆ ಒಂದು ಚಾಳಿ ಇದೆ. ಉಜ್ಜಿದ ಕೂಡಲೇ ಗಾಳಿಗೆ ಅದರ ಮೇಲೆ ಕಾಣದ ಪೊರೆ ಬೆಳೆಯಲು ಶುರುವಾಗುತ್ತದೆ. ಉಜ್ಜಿ ಊಟಕ್ಕೆ ಹೋಗಿ ಬಂದು ಅಂಟಿಸಬೇಡಿ. ನಾನು ಮಾಡೋದು ಹೀಗೆ: ಮೊದಲು ಒಣದಾಗಿ ಉಜ್ಜಿ ಒರೆಸುತ್ತೇನೆ. ಆಮೇಲೆ ತೆಳ್ಳಗೆ ಎಪಾಕ್ಸಿ ಸವರಿ, ಆ ಹಸಿ ಅಂಟಿನ ಮೇಲೇ ಎಮರಿ ಪೇಪರ್‌ನಿಂದ ಇನ್ನೊಮ್ಮೆ ಉಜ್ಜುತ್ತೇನೆ. ಹೊಸ ಮೈ ತೆರೆದುಕೊಳ್ಳುವಾಗ ಅದಕ್ಕೆ ಗಾಳಿಯ ಬದಲು ಅಂಟೇ ತಾಗುತ್ತದೆ.

ಗರಗಸಕ್ಕೆ ಮರ ತಳ್ಳುವ ಹಿಡಿ: ಮರಕ್ಕೆ ರಬ್ಬರ್

ಮೂರರಲ್ಲಿ ಜಾಸ್ತಿ ಎಚ್ಚರ ಬೇಕಾದದ್ದು ಇದಕ್ಕೆ. ಟೇಬಲ್ ಗರಗಸದಲ್ಲಿ ಸಣ್ಣ ಪಟ್ಟಿ ಸೀಳುವಾಗ ಬೆರಳಿನ ಬದಲು ಈ ಹಿಡಿ ಬ್ಲೇಡಿನ ಹತ್ತಿರ ಹೋಗುತ್ತದೆ. ಮರ ಜಾರದಂತೆ ಅದರ ಅಡಿಗೆ ರಬ್ಬರ್ ಅಂಟಿಸುತ್ತಾರೆ. ನಮ್ಮೂರಿನ ಹುಡುಗನೊಬ್ಬ ತಂದ ಹಿಡಿಯಲ್ಲಿ ರಬ್ಬರನ್ನು ಬಿಳಿ ಅಂಟಿನಿಂದ ಅಂಟಿಸಿತ್ತು. ಮರ ತಳ್ಳುವಾಗಲೇ ರಬ್ಬರ್ ಸುಲಿದು ಕೈ ಮುಂದಕ್ಕೆ ಜಾರಿದೆ. ಬ್ಲೇಡಿಗೂ ಬೆರಳಿಗೂ ಎರಡಿಂಚು ಇತ್ತು, ಅವನ ಅದೃಷ್ಟ.

ಇಲ್ಲಿ ರಬ್ಬರ್ ಅಂಟೇ ಬೇಕು. ಹಳೇ ಟ್ಯೂಬ್ ಬಳಸೋದಾದ್ರೆ ಅದರ ಪೌಡರ್ ತೊಳೆದು, ಹೊಳಪು ಹೋಗುವ ತನಕ ಉಜ್ಜಿ, ಪೂರ್ತಿ ಒಣಗಿಸಿ. ಎರಡೂ ಮೈಗೆ ಬಳಿಯಿರಿ. ಮರ ಮೊದಲ ಕೋಟನ್ನು ಹೀರಿಬಿಡುತ್ತದೆ, ಅದು ಆರಿದ ಮೇಲೆ ಮರಕ್ಕೆ ಮಾತ್ರ ಎರಡನೇ ಕೋಟು ಕೊಡಿ. ಆರಿದ ಮೇಲೆ ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗಿ, ಗಾಳಿ ಉಳಿಯಬಾರದು. ರಬ್ಬರ್‌ನ ಮುಂದಿನ ಅಂಚನ್ನು ಮರದ ಮೂತಿಯ ಮೇಲಕ್ಕೆ ಮಡಚಿ ಅಂಟಿಸಿದ್ರೆ ಸುಲಿಯುವ ಮೂಲೆಯೇ ಇರಲ್ಲ. ಈ ಹಿಡಿಗೆ ಬ್ಲೇಡ್ ತಾಗಬಹುದಾದ ಕಡೆ ಸ್ಕ್ರೂ, ಮೊಳೆ ಯಾವುದೂ ಬೇಡ.

ಹಿಡಿಯ ಹಿಂದೆ ಮರವನ್ನು ತಳ್ಳುವ ಒಂದು ಹಿಮ್ಮಡಿ ಇರುತ್ತದಲ್ಲ, ಅದನ್ನು ಬೇರೆ ತುಂಡು ಮಾಡಿ ಅಂಟಿಸಬೇಡಿ. ಹಿಡಿಯ ಜೊತೆ ಒಂದೇ ಪ್ಲೈವುಡ್ ತುಂಡಿನಲ್ಲಿ ಕೊರೆಯಿರಿ. ಬೆರಳಿಗೂ ಬ್ಲೇಡಿಗೂ ನಡುವೆ ಇರುವ ತುಂಡು ಅಂಟಿನ ಮೇಲೆ ನಿಂತಿರಬಾರದು. ಇದಕ್ಕೆ ಯಾವ ದುಬಾರಿ ಅಂಟೂ ವಿನಾಯಿತಿ ಅಲ್ಲ.

ಯಾವ ಅಂಟೂ ಹಿಡಿಯದ ಪ್ಲಾಸ್ಟಿಕ್

ಡ್ರಿಪ್‌ನ ಕಪ್ಪು ಲ್ಯಾಟರಲ್ ಪೈಪು, ಎಚ್‌ಡಿಪಿಇ ಪೈಪು, ಕೊಡ, ಕ್ರೇಟು ಇವೆಲ್ಲ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್. ಇವುಗಳ ಮೈ ಅಂಟನ್ನು ಹತ್ತಿರ ಸೇರಿಸೋದೇ ಇಲ್ಲ. ಅಂಟು ತುಂಬಿಕೊಂಡು ಬರುವ ಡಬ್ಬಿಗಳೇ ಬಹುಪಾಲು ಇದರಿಂದ ಮಾಡಿದ್ದು ಅಂದ ಮೇಲೆ ಬೇರೆ ಸಾಕ್ಷಿ ಬೇಡ. ಜಿಗ್ ಸಲೀಸಾಗಿ ಜಾರಲಿ ಅಂತ ಎಚ್‌ಡಿಪಿಇ ಪಟ್ಟಿ ಹಾಕುವವರು ಅಂಟಿಗೆ ದುಡ್ಡು ಸುರಿಯಬೇಡಿ. ತಲೆ ಒಳಗೆ ಕೂರುವ ಸ್ಕ್ರೂ ಹಾಕಿ, ತೂತು ತುಸು ದೊಡ್ಡದಿರಲಿ.

ಪಿವಿಸಿ ಬೇರೆ. ಅದು ಅಂಟುತ್ತದೆ. ಆದ್ರೆ ಪೈಪ್ ಜೋಡಿಸುವ ಸಾಲ್ವೆಂಟ್ ಸಿಮೆಂಟ್ ಪಿವಿಸಿಯ ಮೈಯನ್ನೇ ಕರಗಿಸಿ ಎರಡನ್ನು ಒಂದು ಮಾಡುವಂಥದ್ದು, ಮರಕ್ಕೆ ಅದು ಕೆಲಸ ಮಾಡಲ್ಲ. ಮರ-ಪಿವಿಸಿಗೆ ಮೈ ಒರಟು ಮಾಡಿ ಎಪಾಕ್ಸಿ ಹಾಕಿ, ಜೊತೆಗೆ ಕ್ಲಿಪ್ಪೋ ಸ್ಕ್ರೂವೋ ಇರಲಿ.

ಅಂಟು ಹಿಡಿಯದ ಗುಣವೂ ಉಪಯೋಗಕ್ಕೆ ಬರುತ್ತದೆ. ಜೇನು ಚೌಕಟ್ಟು ಜೋಡಿಸುವಾಗ ಹೊರಬಂದ ಬಿಳಿ ಅಂಟು ಜಿಗ್‌ಗೂ ಹತ್ತಿ, ಚೌಕಟ್ಟು ಜಿಗ್ ಬಿಟ್ಟು ಬರಲ್ಲ. ಅಂಟು ಸುರಿಯುವ ಜಾಗಕ್ಕೆ ಪಾರ್ಸೆಲ್ ಸುತ್ತುವ ಪ್ಲಾಸ್ಟಿಕ್ ಟೇಪ್ ಅಂಟಿಸಿಡಿ. ಒಣಗಿದ ಅಂಟು ಅದರ ಮೇಲಿಂದ ಚಕ್ಕೆಯಾಗಿ ಏಳುತ್ತದೆ.

ಮೈ ಸಿದ್ಧ ಮಾಡೋದು

ಮೂರೇ ಹೆಜ್ಜೆ, ಇದೇ ಕ್ರಮದಲ್ಲಿ.

1. ಮೊದಲು ಎಣ್ಣೆ ತೆಗೆಯಿರಿ. ಥಿನ್ನರ್ ಅಥವಾ ಅಸಿಟೋನ್ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಿ. ಒರೆಸದೆ ಉಜ್ಜಿದ್ರೆ ಎಣ್ಣೆ ಗೀರುಗಳೊಳಗೆ ಇಳಿಯುತ್ತದೆ.

2. ಆಮೇಲೆ ಉಜ್ಜಿ. ಲೋಹಕ್ಕೆ 80ರಿಂದ 120ರ ಎಮರಿ. ತುಕ್ಕಿನ ಮೇಲೆ, ಪೇಂಟಿನ ಮೇಲೆ ಅಂಟಿಸಬೇಡಿ. ಪೇಂಟ್ ಎದ್ದರೆ ಅಂಟೂ ಅದರ ಜೊತೆ ಏಳುತ್ತದೆ.

3. ಮತ್ತೆ ಒರೆಸಿ, ಪೂರ್ತಿ ಆರಲು ಬಿಡಿ.

ಲೋಹ ಸ್ವಚ್ಛವಾಯ್ತಾ ಅಂತ ನೋಡೋಕೆ ಒಂದು ಹನಿ ನೀರು ಸಾಕು. ನೀರು ಹರಡಿ ತೆಳ್ಳಗೆ ಕೂತ್ರೆ ಮೈ ಸ್ವಚ್ಛ. ಕೆಸುವಿನ ಎಲೆ ಮೇಲಿನ ಹಾಗೆ ಮುತ್ತಾಗಿ ನಿಂತ್ರೆ ಇನ್ನೂ ಎಣ್ಣೆ ಇದೆ. ನೋಡಿದ ಮೇಲೆ ಒಣಗಿಸಿ ಅಂಟಿಸಿ. ಸಾಗುವಾನಿಯಲ್ಲಿ ಸಹಜವಾಗಿಯೇ ಎಣ್ಣೆ ಇರುತ್ತದೆ. ಅಂಟಿಸುವ ಸ್ವಲ್ಪ ಮೊದಲು ಉಜ್ಜಿ, ಅಸಿಟೋನ್‌ನಿಂದ ಒರೆಸಿ, ಆರಿದ ಕೂಡಲೇ ಅಂಟು ಹಚ್ಚಿ.

ಎಪಾಕ್ಸಿ ಕಲೆಸುವಾಗ ಪ್ಯಾಕೆಟ್ ಮೇಲಿನ ಪ್ರಮಾಣ ಓದಿ, ಕಣ್ಣಂದಾಜು ಬೇಡ. ‘ಜಾಸ್ತಿ ಹಾರ್ಡನರ್ ಹಾಕಿದ್ರೆ ಬೇಗ ಗಟ್ಟಿ’ ಅನ್ನೋದು ಸುಳ್ಳು, ಅದು ಕೊನೆಗೂ ಅರೆಬರೆ ಉಳಿಯುತ್ತದೆ. ಫೋನಿನಲ್ಲಿ ಟೈಮರ್ ಇಟ್ಟು ಒಂದೂವರೆ ನಿಮಿಷ, ಅಂಚು-ತಳ ಎಲ್ಲ ಕೆರೆದು ಕಲೆಸಿ. ಕ್ಲ್ಯಾಂಪ್ ಹಗುರವಾಗಿ ಹಾಕಿ. ಬಿಳಿ ಅಂಟಿಗೆ ಒತ್ತುವಷ್ಟು ಒತ್ತಿದ್ರೆ ಎಪಾಕ್ಸಿ ಎಲ್ಲ ಹೊರಗೆ ಹೋಗಿ ಸಂದು ಬರಿದಾಗುತ್ತದೆ.

ಮಳೆಗಾಲ, ಬಿಸಿಲು, ಕೈ-ಕಣ್ಣು

ಜಡಿಮಳೆಯಲ್ಲಿ ರಬ್ಬರ್ ಅಂಟಿನ ಕೆಲಸ ಮುಂದಕ್ಕೆ ಹಾಕಿ. ಅಂಟು ಆರುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಬಿಳಿ ಮಂಜಿನ ಹಾಗೆ ಕೂರುತ್ತದೆ. ಆ ಮಂಜಿನ ಮೇಲೆ ಒತ್ತಿದ ಅಂಟು ಹಿಡಿಯಲ್ಲ. ಬೇಸಿಗೆಯಲ್ಲಿ ಜಿಗ್‌ಗಳನ್ನು ತಗಡಿನ ಶೀಟಿಗೆ ತಾಗಿಸಿ, ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ.

ಎಪಾಕ್ಸಿ ಹಾರ್ಡನರ್ ಚರ್ಮಕ್ಕೆ ಅಲರ್ಜಿ ಮಾಡಬಹುದು, ರಬ್ಬರ್ ಗ್ಲೌಸ್ ಹಾಕಿ. ಕ್ವಿಕ್ ಅಂಟು ಬಳಸುವಾಗ ಹತ್ತಿಯ ಗ್ಲೌಸ್ ಬೇಡವೇ ಬೇಡ. ಹತ್ತಿಗೆ ಆ ಅಂಟು ತಾಗಿದ್ರೆ ಕೈ ಸುಡುವಷ್ಟು ಬಿಸಿ ಏಳುತ್ತದೆ. ರಬ್ಬರ್ ಅಂಟು, ಥಿನ್ನರ್‌ಗಳ ಆವಿಗೆ ಬೆಂಕಿ ಹತ್ತುತ್ತದೆ. ಕಿಟಕಿ ಬಾಗಿಲು ತೆರೆದಿಡಿ, ಒಲೆ, ಬೀಡಿ ದೂರ ಇರಲಿ.

ಒಡೆದು ನೋಡಿ

ಜಿಗ್ ಮಾಡುವ ದಿನ ಅದೇ ವಸ್ತುಗಳ ಎರಡು ಸಣ್ಣ ತುಂಡನ್ನು ಅದೇ ಅಂಟಿನಿಂದ ಅಂಟಿಸಿಡಿ. ಮೇಲೆ ತಾರೀಖು, ಅಂಟಿನ ಹೆಸರು ಬರೆದು ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ಎರಡು ದಿನ ಬಿಟ್ಟು ಅದನ್ನು ವೈಸ್‌ಗೆ ಸಿಕ್ಕಿಸಿ ಮುರಿಯಿರಿ. ಮುರಿದ ಜಾಗವೇ ಉತ್ತರ ಹೇಳುತ್ತದೆ.

ಮರದ ನಾರು ಕಿತ್ತು ಬಂದರೆ ಅಂಟು ಮರಕ್ಕಿಂತ ಗಟ್ಟಿ. ಜಿಗ್ ಬಳಸಿ.

ಒಂದು ಮೈ ನುಣ್ಣಗೆ, ಅಂಟೆಲ್ಲ ಇನ್ನೊಂದು ಮೈಗೆ ಉಳಿದಿದ್ದರೆ, ನುಣ್ಣಗಿರುವ ಮೈ ಸಿದ್ಧ ಮಾಡಿದ್ದು ಸಾಲದು, ಇಲ್ಲವೇ ಆ ಅಂಟು ಆ ವಸ್ತುವಿಗೆ ಅಲ್ಲ. ಉಜ್ಜಿ ಇನ್ನೊಮ್ಮೆ ಮಾಡಿ. ಮತ್ತೂ ಹಾಗೇ ಆದ್ರೆ ಸ್ಕ್ರೂಗೆ ಹೋಗಿ.

ಅಂಟೇ ನಡುವೆ ಸೀಳಿ ಎರಡೂ ಕಡೆ ಉಳಿದಿದ್ದರೆ, ಮೆತ್ತಗೆ ಉಗುರು ಇಳಿಯುವಂತಿದ್ದರೆ, ಕಲೆಸಿದ್ದು ಸರಿಯಿಲ್ಲ ಅಥವಾ ಇನ್ನೂ ಒಣಗಿಲ್ಲ. ಆ ಜಿಗ್‌ನ ಅಂಟು ಕೆರೆದು ಮತ್ತೆ ಅಂಟಿಸಿ.

ಈ ಪರೀಕ್ಷೆಗೆ ಬೇಕಾದದ್ದು ಎರಡು ಚೂರು ಮರ, ಒಂದಿಷ್ಟು ಅಂಟು, ಎರಡು ದಿನ. ಅಷ್ಟು ಹೊತ್ತು ಕಾಯದೆ ಹೊಸ ಜಿಗ್ ಅನ್ನು ಮಷಿನ್ ಹತ್ತಿರ ತರಬೇಡಿ.